ಕ್ಷಮೆಯೂ ಸತ್ಯವೂ

1994ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕದಲ್ಲಿ ಮೊದಲ ಬಾರಿಗೆ ಎಲ್ಲ ವರ್ಣದವರೂ ಸಮಾನರಾಗಿ ಮತ ಚಲಾಯಿಸಿದರು. ಮತಗಟ್ಟೆಗಳ ಮುಂದೆ ಗಂಟೆಗಟ್ಟಲೆ ನಿಂತವರಲ್ಲಿ ವೃದ್ಧರೂ ಇದ್ದರು. ತಮ್ಮ ನೆಲದಲ್ಲಿಯೇ ಪ್ರಜೆಗಳೆನಿಸಿಕೊಳ್ಳಲು ಅವರು ಒಂದು ಆಯುಷ್ಯವನ್ನೇ ಕಾದಿದ್ದರು. ಮೇ 10ರಂದು ನೆಲ್ಸನ್ ಮಂಡೇಲಾ ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. 27 ವರ್ಷ ಸೆರೆಯಲ್ಲಿ ಕಳೆದ ಅವರು, ತಮ್ಮನ್ನು ಕಾದಿದ್ದ ಬಿಳಿಯ ಕಾವಲುಗಾರರನ್ನೂ ಆ ಸಮಾರಂಭಕ್ಕೆ ಆಹ್ವಾನಿಸಿದ್ದರು.

ವೈರವನ್ನು ತೊರೆದುದು ಮಹತ್ಕಾರ್ಯವೇ ಸರಿ. ಆದರೆ ನಡೆದುಹೋದ ಅನ್ಯಾಯಕ್ಕೆ ಉತ್ತರವೇನು? ಎಲ್ಲರನ್ನೂ ದಂಡಿಸಹೊರಟರೆ ಮತ್ತೆ ರಕ್ತಪಾತದ ಭಯ. ಎಲ್ಲವನ್ನೂ ಮರೆತರೆ ಮಡಿದವರಿಗೆ ದ್ರೋಹ. ಈ ಇಕ್ಕಟ್ಟಿನಲ್ಲಿ 1995ರ ಕಾಯಿದೆಯೊಂದರ ಮೂಲಕ ಸತ್ಯ ಮತ್ತು ಸಾಮರಸ್ಯ ಆಯೋಗವು ಹುಟ್ಟಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಅಧ್ಯಕ್ಷರು. ರಾಜಕೀಯ ಉದ್ದೇಶದಿಂದ ಎಸಗಿದ ಅಪರಾಧವನ್ನು ಏನನ್ನೂ ಮುಚ್ಚಿಡದೆ ಹೇಳಿದವನಿಗೆ ಮಾತ್ರ ಶಿಕ್ಷೆಯಿಂದ ವಿನಾಯಿತಿ. ಏಳು ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದವು, ಬಹುಪಾಲು ತಿರಸ್ಕೃತವಾದವು. ವಿಮೋಚನಾ ಹೋರಾಟಗಾರರು ಎಸಗಿದ ಹಿಂಸೆಯನ್ನೂ ಆಯೋಗವು ವಿಚಾರಿಸಿತು.

ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ: ಗುರುವಿನ ಮುಂದೆ ನಿಷ್ಕಪಟವಾಗಿ ದೋಷವನ್ನು ನಿವೇದಿಸುವುದು. ಆಯೋಗವು ಬೇಡಿದುದೂ ಅಂತಹ ನಿವೇದನೆಯನ್ನೇ. ಆದರೆ ಅದು ಪಶ್ಚಾತ್ತಾಪವನ್ನು ವಿಧಿಸಲಿಲ್ಲ. ಕಾಯಿದೆಯು ಅಂತರಂಗವನ್ನು ಅಳೆಯಲಾರದು.

1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಮೃತರಾದ ಸ್ಟೀವ್ ಬೀಕೋ ಅವರ ಕುಟುಂಬವು ಈ ವಿನಾಯಿತಿಯನ್ನು ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1996ರಲ್ಲಿ ನ್ಯಾಯಾಲಯವು ಕಾಯಿದೆಯನ್ನೇ ಎತ್ತಿಹಿಡಿಯಿತು. ಆ ಕುಟುಂಬವನ್ನು ಕ್ಷಮಾಹೀನರೆಂದು ಹಳಿಯುವುದು ಸಲ್ಲದು. ರಾಜ್ಯವು ಶಿಕ್ಷೆಯನ್ನು ಬಿಟ್ಟುಕೊಡಬಹುದು. ನೊಂದವರ ಪರವಾಗಿ ಕ್ಷಮಿಸುವ ಅಧಿಕಾರ ಅದಕ್ಕಿಲ್ಲ. ಉತ್ತಮ ಕ್ಷಮೆಯು ಕ್ರೋಧವೆಂಬ ಕಷಾಯವನ್ನು ಗೆದ್ದವನ ಆತ್ಮಧರ್ಮ. ಅದನ್ನು ಹೊರಗಿನಿಂದ ಒತ್ತಾಯಿಸಿದರೆ ಅದು ಇನ್ನೊಂದು ಬಗೆಯ ದಬ್ಬಾಳಿಕೆ. ಕ್ಷಮಿಸಿದವನ ಮನಸ್ಸು ಹಗುರಾಗುತ್ತದೆ. ತಪ್ಪಿತಸ್ಥನ ಋಣವಾದರೋ ಹಾಗೆಯೇ ಉಳಿಯುತ್ತದೆ.

ಆ ಋಣವು ಆ ನಾಡಿನಲ್ಲಿ ಇನ್ನೂ ತೀರಿಲ್ಲ. 1913ರ ಭೂಕಾಯಿದೆಯು ಬಹುಸಂಖ್ಯಾತ ಕರಿಯ ಜನರಿಗೆ ಬಿಟ್ಟುದು ಸುಮಾರು ಶೇಕಡಾ 7ರಷ್ಟು ಭೂಮಿಯನ್ನು. ಕಸಿದ ನೆಲದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. 2003ರಲ್ಲಿ ಸರ್ಕಾರವು ನೊಂದವರಿಗೆ ತಲಾ 30,000 ರ‍್ಯಾಂಡ್ ಘೋಷಿಸಿತು. ಆಯೋಗದ ಶಿಫಾರಸು ಅದಕ್ಕಿಂತ ಬಹಳ ಹೆಚ್ಚಿನದಾಗಿತ್ತು. ಕಸಿದುದನ್ನು ಕೈಯಲ್ಲಿಟ್ಟುಕೊಂಡು ಕ್ಷಮೆ ಕೋರುವವನಲ್ಲಿ ಅಚೌರ್ಯವ್ರತವೂ ಇಲ್ಲ, ಅಪರಿಗ್ರಹವೂ ಇಲ್ಲ. ಆದರೂ ಆ ನವೋದಯವು ವ್ಯರ್ಥವಲ್ಲ. ಪ್ರತೀಕಾರದ ದಾರಿ ತೆರೆದಿದ್ದಾಗ ಒಂದು ರಾಷ್ಟ್ರವು ಸತ್ಯದ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟಿತು. ಉಳಿದ ಹೆಜ್ಜೆಗಳನ್ನು ಇನ್ನೂ ಇಡಬೇಕಾಗಿದೆ.

ಕ್ಷಮಾವಣಿಯ ದಿನ ಬಸದಿಯಲ್ಲಿ ಕೈಮುಗಿದು ಎಲ್ಲ ಜೀವಿಗಳ ಕ್ಷಮೆ ಬೇಡುವ ಶ್ರಾವಕನಿಗೂ ಇದೇ ಪ್ರಶ್ನೆಯಿದೆ. ಆಳಿನ ಕೂಲಿಯನ್ನು ತಡೆದಿದ್ದರೆ, ಸಹೋದರನ ಪಾಲನ್ನು ಅದುಮಿಟ್ಟಿದ್ದರೆ, ಆ ತಪ್ಪನ್ನು ಹೆಸರಿಟ್ಟು ಹೇಳಿ, ಕೊಡಬೇಕಾದುದನ್ನು ಕೊಟ್ಟ ಮೇಲೆಯೇ ಮುಗಿದ ಕೈಗಳಿಗೆ ಅರ್ಥ.