ಆತ್ಮಸಾಕ್ಷಿಗೆ ಪುರಾವೆ ಕೇಳಿದ ಕಾಲ

1916ರ ಜೂನ್, ಮೊದಲ ಮಹಾಯುದ್ಧದ ಕಾಲ. ಫ್ರಾನ್ಸಿನ ಬೂಲೋನ್ ಬಳಿಯ ಸೇನಾ ಶಿಬಿರದಲ್ಲಿ ಸಾಲುಗಟ್ಟಿ ನಿಂತ ಪಡೆಯ ಮುಂದೆ ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೋವರ್ಡ್ ಮಾರ್ಟನ್‌ನನ್ನು ತಂದು ನಿಲ್ಲಿಸಿದರು. ಅಧಿಕಾರಿ ತೀರ್ಪು ಓದಿದ: ಗುಂಡಿಕ್ಕಿ ಕೊಲ್ಲತಕ್ಕದ್ದು. ತುಸು ತಡೆದು, ಸೇನಾಧಿಪತಿ ಹೇಗ್ ಇದನ್ನು ದೃಢಪಡಿಸಿದ್ದಾರೆ ಎಂದ. ಮತ್ತೆ ತಡೆದು, ಹತ್ತು ವರ್ಷದ ಕಠಿಣ ಸಜೆಗೆ ಇಳಿಸಲಾಗಿದೆ ಎಂದ. ಹೀಗೆ ಮರಣದಂಡನೆ ಕೇಳಿಸಿಕೊಂಡ ಬ್ರಿಟಿಷರು 35 ಮಂದಿ. ಸೇನೆಯ ಅಪ್ಪಣೆ ಪಾಲಿಸಲು ಒಪ್ಪದಿದ್ದದ್ದೇ ಅವರ ಅಪರಾಧ.

ಆ ವರ್ಷದ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾಯ್ದೆ ಬಂದಿತ್ತು. ಮೊದಲು ಅವಿವಾಹಿತರು, ಮೇ ಹೊತ್ತಿಗೆ ಮದುವೆಯಾದವರೂ ಅದರ ವ್ಯಾಪ್ತಿಗೆ ಬಂದರು. ಆತ್ಮಸಾಕ್ಷಿ ಒಪ್ಪದವರಿಗೆ ವಿನಾಯಿತಿಯೂ ಇತ್ತು. ಆದರೆ ಆತ್ಮಸಾಕ್ಷಿ ನಿಜವೋ ಸೋಗೋ ಎಂದು ನಿರ್ಧರಿಸುವವರು ಯಾರು? ಊರಿನ ಗಣ್ಯರು ಕೂತ ಸ್ಥಳೀಯ ಮಂಡಳಿ. ಪಕ್ಕದಲ್ಲೇ ಸೇನೆಯ ಪ್ರತಿನಿಧಿ. ಜರ್ಮನ್ ಸೈನಿಕನೊಬ್ಬ ನಿನ್ನ ತಂಗಿಯ ಮೇಲೆ ಬಿದ್ದರೆ ಏನು ಮಾಡುತ್ತೀಯ ಎಂಬುದು ಅಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆ. ಎಷ್ಟೋ ಅರ್ಜಿಗಳು ಕೆಲವೇ ನಿಮಿಷಗಳಲ್ಲಿ ಇತ್ಯರ್ಥವಾದವು.

ಇದಕ್ಕೆ ಹೋಲಿಸಿ ಗೀತೆಯನ್ನು ನೋಡಿ: ಗಾಂಡೀವ ಕೆಳಗಿಟ್ಟ ಅರ್ಜುನನೊಂದಿಗೆ ಕೃಷ್ಣ ಹದಿನೆಂಟು ಅಧ್ಯಾಯ ವಾದಿಸಿದ. ಕೊನೆಗೂ, ಎಲ್ಲವನ್ನೂ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದೇ ಹೇಳಿದ. ಯುದ್ಧದ ಪರವಾದ ಆ ಮಹಾವಾದ ಕೂಡ ಒಪ್ಪಿಗೆಯನ್ನು ಕೇಳಿ ಪಡೆಯಿತು, ಕಿತ್ತುಕೊಳ್ಳಲಿಲ್ಲ.

ವಿನಾಯಿತಿ ತೀರ್ಮಾನಿಸುತ್ತಿದ್ದ ಆ ಟ್ರಿಬ್ಯೂನಲ್ ಮಂಡಳಿಗಳ ಹೆಸರನ್ನೇ ಹೊತ್ತು 1916ರ ಮಾರ್ಚಿನಲ್ಲಿ ಹುಟ್ಟಿದ ವಾರಪತ್ರಿಕೆ 'ದಿ ಟ್ರಿಬ್ಯೂನಲ್'. ನಡೆಸುತ್ತಿದ್ದದ್ದು ಕಡ್ಡಾಯ ಭರ್ತಿಯನ್ನು ವಿರೋಧಿಸುತ್ತಿದ್ದ ನೋ ಕನ್‌ಸ್ಕ್ರಿಪ್ಷನ್ ಫೆಲೋಶಿಪ್. ಕಲ್ಕತ್ತೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿ, ಮುಂದೆ ಭಾರತದ ಸ್ವಾತಂತ್ರ್ಯಕ್ಕಾಗಿ ದನಿಯೆತ್ತಿದ ಫೆನ್ನರ್ ಬ್ರಾಕ್ವೇ, ಪತ್ನಿ ಲಿಲ್ಲಾ ಸೂಚಿಸಿದ ಮೇಲೆ 1914ರಲ್ಲಿ ಈ ಸಂಘಟನೆಗೆ ಕರೆ ಕೊಟ್ಟಿದ್ದ. ಗಂಡಸರು ಒಬ್ಬೊಬ್ಬರಾಗಿ ಜೈಲು ಸೇರಿದಂತೆ ಪತ್ರಿಕೆಯ ಭಾರ ಹೆಂಗಸರ ಮೇಲೆ ಬಿತ್ತು. ಸಂಪಾದನೆ ಲಿಡಿಯಾ ಸ್ಮಿತ್‌ದು, ಪ್ರಕಾಶಕಿಯಾಗಿ ಕೋರ್ಟು ಹತ್ತಿದವಳು ಜೋನ್ ಬೋಶಾಂಪ್. 1918ರಲ್ಲಿ ಪೊಲೀಸರು ಮುದ್ರಣಾಲಯಕ್ಕೆ ನುಗ್ಗಿ ಯಂತ್ರಗಳನ್ನೇ ಕಳಚಿ ಹಾಕಿದರು. ಬಚ್ಚಿಟ್ಟ ಸಣ್ಣ ಅಚ್ಚುಯಂತ್ರದಿಂದ ಪತ್ರಿಕೆ ಮತ್ತೆ ಹೊರಬಂತು. ಯಾವ ಜೈಲಿನಲ್ಲಿ ಯಾರಿದ್ದಾರೆ ಎಂದು ತಿಳಿಯದೆ ತಳಮಳಿಸುತ್ತಿದ್ದ ಮನೆಗಳಿಗೆ ಆ ಹಾಳೆ ಎಷ್ಟು ಬೇಕಾಗಿತ್ತು ಎಂಬುದನ್ನು ನೆನೆದರೆ ಈ ಹಟದ ಬೆಲೆ ಗೊತ್ತಾಗುತ್ತದೆ.

ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ದೇವರನ್ನು ನಂಬಿದವನಲ್ಲ. ಎಲ್ಲ ಯುದ್ಧವೂ ತಪ್ಪೆಂದವನೂ ಅಲ್ಲ. ಆದರೂ ಕ್ವೇಕರರ ಜೊತೆ ನಿಂತ. 1916ರಲ್ಲಿ ಒಂದು ಕರಪತ್ರಕ್ಕಾಗಿ ನೂರು ಪೌಂಡ್ ದಂಡ ಬಿತ್ತು, ಟ್ರಿನಿಟಿ ಕಾಲೇಜಿನ ಕೆಲಸ ಹೋಯಿತು. 1918ರಲ್ಲಿ 'ಟ್ರಿಬ್ಯೂನಲ್' ಲೇಖನವೊಂದಕ್ಕಾಗಿ ಆರು ತಿಂಗಳ ಸಜೆಯಾಗಿ ಬ್ರಿಕ್ಸ್‌ಟನ್ ಜೈಲು ಸೇರಿದ. ಅದೇ ಹೊತ್ತಿನಲ್ಲಿ ಗಾಂಧೀಜಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಬ್ರಿಟಿಷ್ ಸೇನೆಗೆ ಜನ ಸೇರಿಸಲು ಓಡಾಡುತ್ತಿದ್ದರು! ಅಹಿಂಸೆಯನ್ನು ಬದುಕಾಗಿಸಿಕೊಂಡವರು ಒಂದು ದಾರಿ ಹಿಡಿದರೆ ತರ್ಕವನ್ನೇ ನಂಬಿದವನು ಇನ್ನೊಂದು ಹಿಡಿದ. ಹೀಗಿರುವಾಗ ಮತ, ಪಂಥ ನೋಡಿ ಆತ್ಮಸಾಕ್ಷಿಯನ್ನು ಅಳೆಯುವುದಾದರೂ ಹೇಗೆ?

ನಿರಾಕರಿಸಿದವರೊಳಗೂ ಒಡಕಿತ್ತು. ಕೊಲ್ಲುವುದಿಲ್ಲ, ಬೇರೆ ಕೆಲಸ ಕೊಟ್ಟರೆ ಮಾಡುತ್ತೇವೆ ಎಂದ ಕೆಲವರು ಡಾರ್ಟ್‌ಮೂರ್ ಜೈಲನ್ನೇ ಕೆಲಸದ ಕೇಂದ್ರ ಮಾಡಿದಾಗ ಅಲ್ಲಿ ಕಲ್ಲು ಒಡೆದರು. ಕ್ಲಿಫರ್ಡ್ ಆಲನ್‌ನಂಥವರು ಅದಕ್ಕೂ ಒಪ್ಪಲಿಲ್ಲ: ನನ್ನ ದುಡಿಮೆಯಿಂದ ಬಿಡುವಾದ ಇನ್ನೊಬ್ಬ ಬಂದೂಕು ಹಿಡಿಯುವುದಾದರೆ ನನ್ನ ಕೈ ಶುದ್ಧವಾಗಿ ಉಳಿಯಿತೇ? ಈ ವಾದಕ್ಕೆ ಸರಿಯಾದ ಉತ್ತರ ಯಾರೂ ಕೊಟ್ಟಂತಿಲ್ಲ. ಜೈಲಿನಲ್ಲಿ ಆರೋಗ್ಯ ಕೆಟ್ಟು ಆಲನ್ 1917ರ ಕೊನೆಯಲ್ಲಿ ಬಿಡುಗಡೆಯಾದ.

ಯುದ್ಧ ಮುಗಿದರೂ, ನಿರಾಕರಿಸಿದ ಅನೇಕರ ಮತದಾನದ ಹಕ್ಕನ್ನು ಐದು ವರ್ಷ ಕಿತ್ತುಕೊಂಡರು. ಆದರೆ 1939ರಲ್ಲಿ ಕಡ್ಡಾಯ ಭರ್ತಿ ಮತ್ತೆ ಬಂದಾಗ ವಿನಾಯಿತಿ ಮಂಡಳಿಗಳಲ್ಲಿ ಸೇನೆಯ ಪ್ರತಿನಿಧಿ ಇರಲಿಲ್ಲ. ಆ ಎರಡನೇ ಮಹಾಯುದ್ಧದಲ್ಲಿ ಸುಮಾರು 60,000 ಮಂದಿ ಆತ್ಮಸಾಕ್ಷಿಯ ಕಾರಣ ಕೊಟ್ಟು ಹೆಸರು ಬರೆಸಿದರು.