ಕಾಲು ದಿನಾರಿನ ನೋಟು

ಹೋದ ತಿಂಗಳು ಯೂತ್ ಮೀಟಿಂಗ್‌ನಲ್ಲಿ ಒಬ್ಬ ತಮ್ಮ ಎದ್ದು ನಿಂತು ಕೇಳಿದ: "ಪಾಸ್ಟರ್, ನಮಗಿಂತ ಕಷ್ಟದಲ್ಲಿರೋರ ಹತ್ತಿರ ಕಾಣಿಕೆ ತಗೊಳ್ಳೋದು ಸರಿನಾ?" ಎಲ್ಲರೂ ನಕ್ಕರು. ನಾನೂ ನಕ್ಕು, ವಿಧವೆಯ ಎರಡು ಕಾಸಿನ ವಿಷಯ ಹೇಳಿ ದಾಟಿಸಿಬಿಟ್ಟೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ನನ್ನ ಬೈಬಲ್ ಒಳಗೆ ಒಂದು ಕುವೈತ್ ನೋಟಿದೆ. ಇವತ್ತು ಅದರ ವಿಷಯ ಹೇಳ್ತೀನಿ.

ಕಳೆದ ವರ್ಷ ಒಂದು ಭಾನುವಾರ ನಾನು ಕುವೈತಿನಲ್ಲಿದ್ದೆ. ಅಲ್ಲಿ ಭಾನುವಾರ ರಜೆ ಅಲ್ಲ, ವಾರದ ಮೊದಲ ಕೆಲಸದ ದಿನ. ಶುಕ್ರವಾರ, ಶನಿವಾರ ರಜೆ. ದೊಡ್ಡ ಆರಾಧನೆಗಳು ಶುಕ್ರವಾರವೇ. ಆದರೆ ಮನೆಕೆಲಸದ ಅಕ್ಕಂದಿರಿಗೆ ಶುಕ್ರವಾರ ಬಿಡುವು ಸಿಗೋದು ಕಷ್ಟ. ಯಜಮಾನರ ಮನೆ ತುಂಬ ನೆಂಟರು, ದೊಡ್ಡ ತಪ್ಪಲೆಗಳ ಅಡುಗೆ. ಅಂಥವರಿಗಾಗಿ ಅಬ್ಬಾಸಿಯಾದ ಒಂದು ಫ್ಲಾಟಿನಲ್ಲಿ, ಡ್ರೈವರ್ ಕೆಲಸ ಮಾಡುವ ಒಬ್ಬ ಬ್ರದರ್ ಮನೆಯಲ್ಲಿ, ಭಾನುವಾರ ರಾತ್ರಿ 8ಕ್ಕೆ ಸಭೆ ಸೇರುತ್ತೆ.

ಅವತ್ತು ಬಂದವರು 14 ಜನ. ಚಪ್ಪಲಿಗಳನ್ನ ಹೊರಗೆ ಬಿಡೋ ಹಾಗಿಲ್ಲ, ಎಲ್ಲ ಒಳಗೆ, ಬಕೆಟ್ ಪಕ್ಕ. ಹಾಡು ಸಣ್ಣ ದನಿಯಲ್ಲಿ. ಚಪ್ಪಾಳೆ ಎರಡು ಬೆರಳಲ್ಲಿ. ಮೈಕ್ ಇಲ್ಲದೆ, ಕಿರುಚದೆ, ನನಗೆ ಪ್ರಸಂಗ ಮಾಡೋಕೆ ಬರುತ್ತಾ ಅಂತ ಅವತ್ತೇ ನನ್ನನ್ನ ಕೇಳಿಕೊಂಡಿದ್ದು. ಆದರೂ ಆತ್ಮನು ಇಳಿದು ಬಂದ, ದೇವರಿಗೆ ಸ್ತೋತ್ರ. ಅಳೋರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ಕೊನೆಗೆ ಒಬ್ಬ ಅಕ್ಕ ಒಂದು ಕವರ್ ತಂದು ಕೈಗಿಟ್ಟರು. ಮುಳಬಾಗಿಲ ಕಡೆಯವರು, ಗಂಡ ಇಲ್ಲ. ಪಿಯುಸಿ ಓದೋ ಮಗಳು ಅಜ್ಜಿ ಹತ್ತಿರ. ಕವರ್ ತೆಗೆದರೆ 31 ದಿನಾರ್, ಅದರಲ್ಲಿ ಕಾಲು, ಅರ್ಧ ದಿನಾರಿನ ನೋಟುಗಳೇ ಜಾಸ್ತಿ. ಲೆಕ್ಕ ಹಾಕಿ ನೋಡಿ. 2016ರಲ್ಲಿ ಆ ದೇಶ ಮನೆಕೆಲಸದವರಿಗೆ ಕನಿಷ್ಠ ಸಂಬಳ ಅಂತ ಗೊತ್ತುಮಾಡಿದ್ದು ತಿಂಗಳಿಗೆ 60 ದಿನಾರ್. ಅದರ ಅರ್ಧಕ್ಕಿಂತ ಹೆಚ್ಚು ನನ್ನ ಕೈಯಲ್ಲಿತ್ತು.

"ಬೇಡ ಅಕ್ಕ, ಇದನ್ನ ಮಗಳಿಗೆ ಕಳಿಸಿ" ಅಂದೆ. ದೊಡ್ಡ ಮನಸ್ಸು ತೋರಿಸ್ತಿದ್ದೀನಿ ಅಂದುಕೊಂಡಿದ್ದೆ. ಅವರ ಮುಖ ಸಪ್ಪಗಾಯಿತು.

"ಅಯ್ಯಾ, ನಾನಿರೋ ಮನೇಲಿ ಎಲ್ಲಾ ನನಗೆ ಕೊಡೋದೇ. ಹಳೇ ಬಟ್ಟೆ ಕೊಡ್ತಾರೆ, ಉಳಿದ ಊಟ ಕೊಡ್ತಾರೆ. ನಾನು ಕೈ ಎತ್ತಿ ಕೊಡೋದು ಇಲ್ಲೊಂದೇ ಕಡೆ. ಅದನ್ನೂ ಬೇಡ ಅಂತೀರಾ?"

ತಗೊಂಡೆ. ಇನ್ನೇನು ಮಾಡಲಿ?

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. ಮಾರ್ಕನು 12 ತೆಗೀರಿ. ವಿಧವೆಯ ಕಾಸು ಬರೋದು 42ನೇ ವಚನದಲ್ಲಿ. ನಾವು ಕಾಣಿಕೆ ಹೊತ್ತಲ್ಲಿ ಅಲ್ಲಿಂದಲೇ ಓದ್ತೀವಿ. ಸ್ವಲ್ಪ ಮೇಲೆ, 40ನೇ ವಚನದಲ್ಲಿ ಏನಿದೆ? ಉದ್ದುದ್ದ ಪ್ರಾರ್ಥನೆ ಮಾಡ್ತಾ ವಿಧವೆಯರ ಮನೆಗಳನ್ನ ನುಂಗೋ ಶಾಸ್ತ್ರಿಗಳ ಮೇಲೆ ಯೇಸುಸ್ವಾಮಿಯ ಕೋಪ. ನಾನು ಎಷ್ಟೋ ವರ್ಷ ಈ ಎರಡನ್ನ ಬೇರೆ ಬೇರೆ ಪ್ರಸಂಗ ಮಾಡಿದ್ದೀನಿ. ಅವು ಅಕ್ಕಪಕ್ಕ ಇವೆ.

ಹಾಗಾದ್ರೆ ಬೇಡ ಅನ್ನೋದೇ ಪರಿಶುದ್ಧವಾ? 2 ಸಮುವೇಲ 23ರಲ್ಲಿ ದಾವೀದನಿಗೆ ಬೇತ್ಲೆಹೇಮಿನ ಬಾವಿ ನೀರಿನ ಆಸೆ. ಮೂವರು ಶೂರರು ಫಿಲಿಷ್ಟಿಯರ ದಂಡಿನ ನಡುವೆ ನುಗ್ಗಿ ತಂದುಕೊಟ್ಟರು. ಅವನು ಕುಡಿಯಲಿಲ್ಲ, ಕರ್ತನಿಗೆ ಹೊಯ್ದ, ಅದು ಪ್ರಾಣ ಪಣಕ್ಕಿಟ್ಟವರ ರಕ್ತ ಅಂತ. ಆದರೆ ಗಮನಿಸಿ, ಅವನು ಅದನ್ನ ವಾಪಸ್ ಕೊಡಲಿಲ್ಲ. ಮೊದಲು ಕೈಗೆ ತಗೊಂಡ.

ಇನ್ನು ಎಲೀಯ. ಚಾರೆಪ್ತದ ವಿಧವೆ ಹತ್ತಿರ ಮೊದಲು ನನಗೊಂದು ರೊಟ್ಟಿ ಅಂದ. ಈ ವಾಕ್ಯ ಹಿಡಿದು ಹಣ ಎತ್ತಿದವರನ್ನ ನೀವೂ ನೋಡಿದ್ದೀರಿ. ಆದರೆ ಎಲೀಯ ರೊಟ್ಟಿ ತಿಂದು ಫ್ಲೈಟ್ ಹತ್ತಲಿಲ್ಲ. ಅದೇ ಮನೆಯಲ್ಲಿ ಉಳಿದ. ಅವಳ ಮಗ ಸತ್ತಾಗ ಆ ಮಗುವನ್ನ ಮಾಳಿಗೆಗೆ ಎತ್ತಿಕೊಂಡು ಹೋಗಿ ದೇವರ ಮುಂದೆ ಅತ್ತವನು ಅವನೇ. ತಗೊಳ್ಳೋದರಲ್ಲಿ ತಪ್ಪಿಲ್ಲ ಅಂತ ನನಗೀಗ ಅನಿಸುತ್ತೆ. ತಗೊಂಡು ಹೊರಟುಹೋಗೋದರಲ್ಲಿ ತಪ್ಪಿದೆ.

ನಾನು ಹೊರಟುಹೋಗಿದ್ದೆ. ಅವತ್ತು ಆ ಅಕ್ಕನಿಗೆ, "ಊರಿಗೆ ಹೋದ ಕೂಡಲೇ ಮಗಳನ್ನ ನೋಡಿ ಪ್ರಾರ್ಥನೆ ಮಾಡ್ತೀನಿ" ಅಂದಿದ್ದೆ. ಬೆಂಗಳೂರಿಂದ ಮುಳಬಾಗಿಲು ನೂರು ಕಿಲೋಮೀಟರೂ ಇಲ್ಲ. 8 ತಿಂಗಳು ಹೋಗಲಿಲ್ಲ. ದಿನಾರನ್ನ ರೂಪಾಯಿ ಮಾಡಿಸಿದೆ, ಅದು ಪೆಟ್ರೋಲು, ಮೊಬೈಲ್ ಬಿಲ್ಲು ಅಂತ ಕರಗಿಹೋಯಿತು. ಒಂದು ಕಾಲು ದಿನಾರಿನ ನೋಟನ್ನ ಮಾತ್ರ ಎಕ್ಸ್‌ಚೇಂಜ್‌ನವರು ತಗೊಳ್ಳಲಿಲ್ಲ. ಅದೇ ಬೈಬಲ್‌ನಲ್ಲಿ ಉಳಿದಿದ್ದು.

ಆ ತಮ್ಮ ಪ್ರಶ್ನೆ ಕೇಳಿದ ವಾರವೇ ಬಸ್ ಹತ್ತಿದೆ. ಅಜ್ಜಿಗೆ ಕಣ್ಣು ಮಂಜು. ಹುಡುಗಿ ಮೊದಲು ಮಾತಾಡಲಿಲ್ಲ, ಆಮೇಲೆ ಅಮ್ಮ ಆ ಮನೆಯಲ್ಲಿ ಹೇಗಿದ್ದಾಳೆ, ಸಣ್ಣಗಾಗಿದ್ದಾಳಾ ಅಂತ ಕೇಳಿದಳು. ಗೊತ್ತಿದ್ದಷ್ಟು ಹೇಳಿದೆ. ಪ್ರಾರ್ಥನೆ ಆದಮೇಲೆ ಅಜ್ಜಿ ಸೊಂಟದ ಚೀಲದಿಂದ ನೂರು ರೂಪಾಯಿ ತೆಗೆದು ಕೈಗಿಟ್ಟರು. ಈ ಸಲ ಬೇಡ ಅನ್ನಲಿಲ್ಲ. ಅಕೌಂಟೆನ್ಸಿ ಕಷ್ಟ ಆಗ್ತಿದೆ ಅಂದಳು ಹುಡುಗಿ, ಅಲ್ಲಿ ಟ್ಯೂಷನ್‌ಗೆ ದುಡ್ಡಿಲ್ಲ. ಪರೀಕ್ಷೆಗೆ ಮುಂಚೆ ಇನ್ನೂ ಎರಡು ಸಲ ಹೋಗ್ತೀನಿ. ನಿಮ್ಮಲ್ಲಿ ಬಿ.ಕಾಂ ಮಾಡಿದವರು ಯಾರಿದ್ದೀರಿ? ಆರಾಧನೆ ಮುಗಿದ ಮೇಲೆ ಸ್ವಲ್ಪ ನನ್ನ ಹತ್ತಿರ ಬನ್ನಿ.