ಜೋಳಿಗೆಯೂ ಬೊಕ್ಕಸವೂ

ಕಲೆಗೆ ಸರಕಾರವು ಧನಸಹಾಯ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಯು ಆಗಾಗ ವಾದಕ್ಕೆ ಬರುವುದುಂಟು. ಉಂಡವನು ಉಣಿಸಿದವನ ಹಾಡನ್ನೇ ಹಾಡುವನೆಂದು ಒಂದು ಪಕ್ಷವು. ಹಸಿದ ಕೊರಳಿನಿಂದ ರಾಗವು ಹೊರಡದೆಂದು ಇನ್ನೊಂದು ಪಕ್ಷವು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಯಾವಾಗ ಕೊಡಬೇಕು, ಯಾವ ಭಾವದಿಂದ ಕೊಡಬೇಕು ಎಂಬುದೇ ಹೆಚ್ಚು ವಿಚಾರಾರ್ಹವಾದ ಸಂಗತಿಯೆಂದು ನನಗೆ ತೋರುತ್ತದೆ.

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಭಕ್ತರ ಕಾಣಿಕೆಯೂ ಜೋಳಿಗೆಗೆ ಬಿದ್ದ ಕಾಳೂ ಅದನ್ನು ಬೆಳೆಸಿದವು. ಇದೇ ಸ್ವಾಮಿಗಳು ಬಡವರ ಮನೆಯ ಇಬ್ಬರು ಅಂಧ ಬಾಲಕರ ಹಾಡನ್ನು ಕೇಳಿ, ಅವರ ಸಂಗೀತಶಿಕ್ಷಣದ ಭಾರವನ್ನು ವಹಿಸಿಕೊಂಡರು. ಅವರಲ್ಲೊಬ್ಬರೇ ಮುಂದೆ ಪಂಚಾಕ್ಷರಿ ಗವಾಯಿಗಳೆನಿಸಿದರು. ಅವರು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ವಿದ್ಯೆಯನ್ನು ಕಲಿಸಿದರು. ಶಿಷ್ಯರ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ನಡೆಯಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ಶ್ರಮದ ಫಲವು. 1944ರಲ್ಲಿ ಅವರು ಲಿಂಗೈಕ್ಯರಾಗಲು, ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ಹೊರೆಯನ್ನು ಹೊತ್ತರು. ಪುಟ್ಟರಾಜರಿಗೆ ಪದ್ಮಭೂಷಣವು ಬಂದುದು 2010ರಲ್ಲಿ. ಅದೇ ವರ್ಷ ಅವರು ಲಿಂಗೈಕ್ಯರಾದರು. ಪ್ರಶಸ್ತಿಯು ಹಣ್ಣನ್ನು ಕಂಡು ಮರಕ್ಕೆ ಕೈಮುಗಿಯಿತು. ಜೋಳಿಗೆಯು ಸಸಿಯಿದ್ದಾಗಲೇ ನೀರೆರೆದಿತ್ತು.

ಹಾಗಾದರೆ ಜೋಳಿಗೆಯೊಂದೇ ಸಾಕೆನ್ನೋಣವೇ? ಕೂಡದು. ಕೇಳಬಲ್ಲ ಕಿವಿಯುಳ್ಳ ಮಹಾತ್ಮರು ಎಲ್ಲ ಊರುಗಳಿಗೂ ಬರಲಾರರು. ಅಂಥವರು ಬಾರದ ಊರಿನಲ್ಲಿ ಎಷ್ಟು ಕೊರಳುಗಳು ದನ ಕಾಯುತ್ತಲೇ ಅಡಗಿಹೋದವೋ ಬಲ್ಲವರಾರು? ದೈವಯೋಗಕ್ಕೆ ಬಿಟ್ಟ ಕಾರ್ಯವನ್ನು ನಿಯಮದಿಂದ ನಡೆಯಿಸುವುದಕ್ಕೇ ಅಲ್ಲವೇ ರಾಜ್ಯವಿರುವುದು?

ಅದೇ ಹೊಳೆಯ ದಂಡೆಯ ಪಟ್ಟದಕಲ್ಲಿನಲ್ಲಿ ಇದಕ್ಕೊಂದು ನಿದರ್ಶನವಿದೆ. ಚಾಲುಕ್ಯ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಮರ್ಯಾದೆಗಳನ್ನು, ಅವನ ಸೊಸೆಯೂ ಎರಡನೆಯ ವಿಕ್ರಮಾದಿತ್ಯನ ರಾಣಿಯೂ ಆದ ಲೋಕಮಹಾದೇವಿಯು ಮತ್ತೆ ಸ್ಥಿರಪಡಿಸಿದಳೆಂದು ವಿರೂಪಾಕ್ಷ ದೇವಾಲಯದ ಶಾಸನವು ಹೇಳುತ್ತದೆ. ಎಂಟನೆಯ ಶತಮಾನದ ಈ ಮಾತನ್ನು ನಿಧಾನವಾಗಿ ಮನನ ಮಾಡಬೇಕು. ಅರಸನು ಹೋದರೂ ಅರಸನ ಮಾತು ಹೋಗಲಿಲ್ಲ. ಆ ಕೊಡುಗೆಯು ಕೊಟ್ಟವರ ಮನೆತನವನ್ನೇ ಕಟ್ಟಿಹಾಕಿತು.

ಈಗ ನಮ್ಮ ರಾಜ್ಯದಲ್ಲಿ ವೃದ್ಧ ಕಲಾವಿದರಿಗೆ ಮಾಸಾಶನವುಂಟು, ಸಂಘಗಳಿಗೆ ಅನುದಾನವುಂಟು, ಕಲಿಯುವವರಿಗೆ ಶಿಷ್ಯವೇತನವೂ ಇಲ್ಲದಿಲ್ಲ. ಇವು ಸ್ತುತ್ಯವೇ ಸರಿ. ಆದರೆ ಕೊಡುವ ಕೈಯು ತಾನು ದಾನಿಯೆಂದು ಬಗೆದಲ್ಲಿ, ಬೇಡುವ ಕೈಯು ಹೊಗಳಿಕೆಯನ್ನು ಕಲಿಯುವುದು. ಅಲ್ಲಿಗೆ ಕಲೆಯು ಮುಗಿಯಿತು. ಬೊಕ್ಕಸದ ಹಣವಾದರೂ ಯಾರದು? ಉಪ್ಪಿನಕಾಯಿಯಿಂದ ಹೊಲದ ಗೊಬ್ಬರದವರೆಗೆ ಕೊಳ್ಳುವಾಗಲೆಲ್ಲ ಬಡವನೂ ತೆರುವ ತೆರಿಗೆಯಲ್ಲವೇ? ಅದೂ ಮನೆಮನೆಯಿಂದ ಬಂದ ಕಾಳೇ. ಆದ್ದರಿಂದ ಅಧಿಕಾರಿಯು ದಾನಿಯಲ್ಲ, ಜೋಳಿಗೆಯನ್ನು ಹೊತ್ತವನು ಮಾತ್ರ. ಹೊತ್ತವನಿಗೆ ಅದರೊಳಗಿನ ಕಾಳಿನ ಮೇಲೆ ಒಡೆತನವಿಲ್ಲ. ಅದು ಹಸಿದವನಿಗೆ ಹೊತ್ತಿಗೆ ಮುಟ್ಟುವಂತೆ ನೋಡಿಕೊಳ್ಳುವ ಹೊಣೆಯುಂಟು.